ಸೂರ್ಯ ಸುಟ್ಟ ಕಣ್ಣಲ್ಲಿ ನೇಪಾಳ

ನೇಪಾಳಕ್ಕೆ ಹೋಗಿಬಂದೆ ಅಂದರೆ ನಮ್ಮ ಓಣಿಯವರು ಮೊದಲು ಕೇಳುವುದು ಹಿಮಾಲಯ ಕಂಡಿತೇ ಎಂದು. ಕಂಡಿತು. ಆದರೆ ನಾನು ಅದನ್ನು ನೇರವಾಗಿ ನೋಡಲಿಲ್ಲ. ಪಕ್ಕದ ಬರಿ ಆಕಾಶವನ್ನು ನೋಡುತ್ತ ಕೂತೆ. ಆಗ ಕಣ್ಣಿನ ಅಂಚಿನಲ್ಲಿ ಬೆಟ್ಟ ಬೆಳ್ಳಗೆ ಬಂದು ನಿಂತಿತು. ಆ ಹೊತ್ತಿಗೆ ನನಗೆ ಹಾಗೆ ನೋಡುವುದೇ ರೂಢಿಯಾಗಿತ್ತು. ಯಾವುದು ಬೇಕೋ ಅದರ ಪಕ್ಕಕ್ಕೆ ನೋಡುವುದು.

ಅದು ಯಾಕೆ ಹಾಗಾಯಿತು ಎಂದು ಹೇಳದಿದ್ದರೆ ಈ ಪ್ರವಾಸದ ಮಾತು ಯಾರಿಗೂ ಅರ್ಥವಾಗುವುದಿಲ್ಲ. ಹಾಗಾಗಿ ನಮ್ಮೂರಿನಿಂದಲೇ ಹೊರಡುತ್ತೇನೆ.

ಮಾನ್ವಿ

ನನ್ನ ಯಜಮಾನರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಮಾನ್ವಿ, ದೇವದುರ್ಗ, ಗಬ್ಬೂರು, ರಾಯಚೂರು. ಅವರ ಇಡೀ ನೌಕರಿ ಈ ಊರುಗಳ ನಡುವೆಯೇ ಮುಗಿಯಿತು. ನಿವೃತ್ತಿಯಾದ ಮೇಲೆ ಒಂದೇ ಮಾತು ಹೇಳುತ್ತಿದ್ದರು: "ಒಮ್ಮಿಯಾದ್ರೂ ಬ್ಯಾರೇದವರು ಹೊಡಿಯೋ ಬಸ್ಸಿನ್ಯಾಗ ಕಿಡಕಿ ಪಕ್ಕ ಕುಂತು ದೂರ ಹೋಗಬೇಕು ನೋಡು. ಬ್ರೇಕ್ ಹಾಕೋ ಚಿಂತಿ ಅವರದು, ನಿದ್ದಿ ಮಾಡೋ ಕೆಲಸ ನಂದು."

ನಮ್ಮ ಕಡೆ ವರ್ಷಕ್ಕೊಮ್ಮೆ ಕಾಶಿಗೆ, ಅಲ್ಲಿಂದ ಮುಂದೆ ನೇಪಾಳಕ್ಕೆ ಯಾತ್ರೆಯ ಬಸ್ಸು ಹೊರಡಿಸುವವರಿದ್ದಾರೆ. ಅಕ್ಕಿ ಚೀಲ, ಗ್ಯಾಸಿನ ಒಲೆ, ಅಡಿಗೆಯವರು ಎಲ್ಲ ಜೊತೆಗೇ ಬರುತ್ತಾರೆ. ಅದರಲ್ಲಿ ನಮ್ಮಿಬ್ಬರಿಗೂ ಸೀಟು ಹಿಡಿಸಿದರು. ಆಮೇಲೆ ಎದೆಯ ಬೇನೆ ಬಂತು. ದೀಪಾವಳಿಗೆ ಮೊದಲೇ ಅವರು ಹೋದರು.

ಎಳ್ಳಮಾವಾಸ್ಯೆಯ ಹೊತ್ತಿಗೆ ಸೂರ್ಯಗ್ರಹಣ ಬಂತು. ಓಣಿಯಲ್ಲಿ ಯಾರೋ ಹಿತ್ತಾಳೆ ಪರಾತದಲ್ಲಿ ನೀರು ಹಾಕಿ ಒನಕೆ ನಿಲ್ಲಿಸಿದ್ದರು. ಒನಕೆ ತಾನಾಗಿ ನಿಂತಿದೆ ಎಂದು ಜನ ಕೂಡಿದ್ದರು. ನಮ್ಮ ಕಡೆ ಗ್ರಹಣದ ದಿನ ಎಕ್ಸ್‌ರೇ ಇರುವ ಮನೆಗೆ ಬೆಲೆ ಬರುತ್ತದೆ. ಯಾರದೋ ಮುರಿದ ಕಾಲು, ಯಾರದೋ ಹಿಡಿದ ಸೊಂಟ, ಎಲ್ಲವೂ ಆ ಒಂದು ದಿನ ಗೂಟದಿಂದ ಇಳಿದು ಅಂಗಳಕ್ಕೆ ಬರುತ್ತವೆ. ಕಪ್ಪು ಹಾಳೆಯನ್ನು ಕಣ್ಣಿಗೆ ಅಡ್ಡ ಹಿಡಿದರೆ ಸೂರ್ಯ ಕಿತ್ತಳೆಯ ತೊಳೆಯಂತೆ ಕಾಣುತ್ತಾನೆ, ಕಣ್ಣಿಗೆ ಏನೂ ಆಗುವುದಿಲ್ಲ ಎಂದು ನಾವು ಚಿಕ್ಕಂದಿನಿಂದ ನಂಬಿದವರು.

ಪಕ್ಕದ ಮನೆಯಾಕೆ ಬಾಗಿಲಲ್ಲಿ ಬಂದು ನಿಂತಳು. "ಯಕ್ಕಾ, ಕೇಳಾಕ ಬಾಯಿ ಬರವಲ್ದು. ನಿಮ್ಮನ್ಯಾಗ ಎಕ್ಸರೇ ಭಾಳ ಅದಾವಲ್ಲ, ಅದಕ್ಕ..."

ಅದಾವ ಅಂದೆ. ಆಸ್ಪತ್ರೆಯ ದೊಡ್ಡ ಲಕೋಟೆ ಇಳಿಸಿ ಕೊಟ್ಟೆ. ಒಂದನ್ನು ಮಾತ್ರ ಇಟ್ಟುಕೊಂಡೆ. ಕೊನೆಯ ಸಲ ತೆಗೆದದ್ದು.

ಡಾಕ್ಟರು ಅದನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ತೋರಿಸಿದ ದಿನ ನಾನು ಹೆದರಿ ನೆಲ ನೋಡಿದ್ದೆ. ಗ್ರಹಣದ ದಿನ ಅಂಗಳದಲ್ಲಿ ಅದನ್ನು ಸೂರ್ಯನಿಗೆ ಹಿಡಿದೆ. ಎಲ್ಲರೂ ಗ್ರಹಣ ನೋಡುತ್ತಿದ್ದರು. ನಾನು ಯಜಮಾನರ ಎದೆ ನೋಡಿದೆ. ಎಡಗಡೆಯ ಪಕ್ಕೆಲುಬುಗಳ ನಡುವೆ ಸೂರ್ಯ ಕುಡುಗೋಲಿನಂತೆ ಕೂತಿದ್ದ. ಕಣ್ಣಿಗೆ ಚುಚ್ಚಲಿಲ್ಲ, ನೀರು ಬರಲಿಲ್ಲ. ತೋಳು ನೋಯುವ ತನಕ ನೋಡಿದೆ.

ಸಂಜೆಗೆ ಹೊಲಿಗೆ ಯಂತ್ರದ ಮುಂದೆ ಕೂತರೆ ಸೂಜಿಯ ಕಣ್ಣು ಕಾಣಲಿಲ್ಲ. ನಾನು ಕುಪ್ಪಸ ಹೊಲಿಯುವವಳು, ಸೂಜಿಗೆ ದಾರ ಹಾಕಲು ದೀಪವೂ ಬೇಡವಾಗಿತ್ತು. ಎಲ್ಲಿ ದಿಟ್ಟಿಸುತ್ತೇನೋ ಅಲ್ಲಿ ಒಂದು ಬೂದು ಚುಕ್ಕೆ. ಅತ್ತು ಅತ್ತು ಹೀಗಾಗಿದೆ ಎಂದರು ಓಣಿಯವರು. ನನಗೂ ಹಾಗೆಯೇ ಅನ್ನಿಸಿತು. ಅಳು ನಿಂತರೆ ಇದೂ ಹೋದೀತು ಎಂದು ಸುಮ್ಮನಾದೆ.

ಗೋಡೆಯ ಮೇಲೆ ಯಜಮಾನರ ಫೋಟೋ ಇದೆ. ನೋಡಿದರೆ ಅಂಗಿ ಕಾಣುತ್ತಿತ್ತು, ಕಿವಿ ಕಾಣುತ್ತಿತ್ತು, ಹಾರ ಕಾಣುತ್ತಿತ್ತು. ಮುಖ ಇರಬೇಕಾದ ಜಾಗದಲ್ಲಿ ಚುಕ್ಕೆ.

ರಾಯಚೂರು

ಗಬ್ಬೂರಿನಿಂದ ಈರಮ್ಮಕ್ಕ ಬಂದಳು. ಅವಳು ನನ್ನ ಯಜಮಾನರ ಅಕ್ಕ. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಕುರಿ ಹಿಂಡು ಕಟ್ಟಿ ಮಕ್ಕಳನ್ನು ದಡ ಸೇರಿಸಿದವಳು. ಅವಳು ಎದುರು ಕೂತು ಮಾತಾಡುವಾಗ ನಾನು ಅವಳ ಭುಜ ನೋಡುತ್ತಿದ್ದೆ.

"ಯಾಕ ಬೇ, ನನ್ನ ಮಕ ನೋಡಿದ್ರ ಪಾಪ ಹತ್ತತದೇನು?"

"ಮಕ ಕಾಣವಲ್ದು ಯಕ್ಕಾ."

ಮರುದಿನವೇ ರಾಯಚೂರಿನ ಬಸ್ಸು ಹತ್ತಿಸಿದಳು.

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗೋಡೆಯ ಮೇಲಿನ ಅಂಕಿಗಳನ್ನು ಓದಿಸಿದರು. ಮೇಲಿನ ದೊಡ್ಡವು ಬಂದವು, ಕೆಳಗಿನವು ಬರಲಿಲ್ಲ. ಹನಿ ಹಾಕಿ ಕಣ್ಣಿನೊಳಗೆ ದೀಪ ಬಿಟ್ಟು ನೋಡಿದರು. ದೀಪ ಆರಿಸಿ ಕೇಳಿದರು: "ಅವ್ವಾರ, ಗ್ರಹಣ ನೋಡಿದ್ರೇನ್ರಿ?"

"ನೋಡೀನ್ರಿ. ಬರಿಗಣ್ಣಲೆ ಅಲ್ರಿ, ಎಕ್ಸರೇ ಹಿಡಕೊಂಡು."

ಅವರು ತಲೆ ಅಲ್ಲಾಡಿಸಿದರು. ಕಪ್ಪು ಹಾಳೆ ಬೆಳಕನ್ನು ಮಂದ ಮಾಡುತ್ತದೆ ಅಷ್ಟೇ, ಕಣ್ಣಿಗೆ ಕಾಣದ ಕಿರಣಗಳನ್ನು ತಡೆಯುವುದಿಲ್ಲ ಎಂದರು. ಬರಿಗಣ್ಣಿಗಾದರೆ ಚುಚ್ಚುತ್ತದೆ, ತಟ್ಟನೆ ಮುಖ ತಿರುಗಿಸುತ್ತೇವೆ. ಹಾಳೆ ಹಿಡಿದರೆ ತಂಪಾಗಿದೆ ಎಂದು ನೋಡುತ್ತಲೇ ಇರುತ್ತೇವೆ. ಒಳಗೆ ಸುಟ್ಟರೂ ನೋವಾಗುವುದಿಲ್ಲ, ಕಣ್ಣಿನ ಹಿಂದಿನ ಪರದೆಗೆ ನೋವು ತಿಳಿಯುವುದಿಲ್ಲವಂತೆ.

ಆಮೇಲೆ ಪಕ್ಕದ ಕೋಣೆಯಲ್ಲಿ ಒಂದು ಯಂತ್ರದ ಮುಂದೆ ಕೂರಿಸಿದರು. "ಗದ್ದ ಇಲ್ಲಿ ಇಡ್ರಿ, ಹಣಿ ಇಲ್ಲಿ ಹಚ್ರಿ. ಒಳಗ ಹಸರು ಗುರ್ತು ಕಾಣತದ, ಅದನ್ನ ನೋಡ್ರಿ." ಒಳಗೆ ಗುರುತೇನೂ ಕಾಣಲಿಲ್ಲ. ಸುತ್ತ ಹಸಿರು ಮಬ್ಬು, ನಡುವೆ ನನ್ನ ಚುಕ್ಕೆ. ಕೆಂಪು ಗೆರೆಯೊಂದು ಓಡಾಡಿತು. ಮುಗಿಯಿತು ಅಂದರು. ಕೊಯ್ಯಲಿಲ್ಲ, ಮುಟ್ಟಲೂ ಇಲ್ಲ.

ಯಂತ್ರದ ಪರದೆಯ ಮೇಲೆ ಬಂದ ಚಿತ್ರ ಕಣ್ಣಿನಂತೆ ಇರಲಿಲ್ಲ. ಬಾವಿ ತೋಡುವಾಗ ಮಣ್ಣಿನ ಪದರ ಕಾಣುತ್ತದಲ್ಲ, ಹಾಗಿತ್ತು. ಒಂದರ ಮೇಲೊಂದು ಪದರ, ನಡುವೆ ಒಂದು ಸಣ್ಣ ತಗ್ಗು. ಆ ತಗ್ಗು ಎಲ್ಲರಿಗೂ ಇರುತ್ತದೆ, ನಾವು ದಿಟ್ಟಿಸಿ ನೋಡುವುದು ಅಲ್ಲಿಂದಲೇ ಎಂದರು ಡಾಕ್ಟರು. ಅದರ ತಳದಲ್ಲಿ ಬೆಳ್ಳಗೆ ಒಂದು ಗೆರೆ ಅಡ್ಡ ಹೋಗಿತ್ತು. ಸರಿಯಾಗಿ ತಗ್ಗಿನ ಕೆಳಗೆ ಆ ಗೆರೆ ಕಡಿದಿತ್ತು. ಗದ್ದೆಯ ಬದುವಿನಲ್ಲಿ ಏಡಿ ತೋಡಿದ ತೂತಿನಂತೆ ಚಿಕ್ಕ ಕಪ್ಪು ಜಾಗ. ಎರಡೂ ಕಣ್ಣಿನಲ್ಲಿ ಇತ್ತು, ಬಲಗಣ್ಣಿನಲ್ಲಿ ಹೆಚ್ಚು.

"ಇಷ್ಟ ಇಷ್ಟಕ್ಕ ಮಕ ಕಾಣವಲ್ದಾ?" ಎಂದಳು ಈರಮ್ಮಕ್ಕ. ಏಡಿಯ ತೂತಿನಿಂದಲೇ ಬದು ಒಡೆದು ಗದ್ದೆಯ ನೀರೆಲ್ಲ ಹೋಗುವುದನ್ನು ಅವಳು ಕಂಡವಳೇ.

ಇದಕ್ಕೆ ಔಷಧಿಯಿಲ್ಲ, ಆಪರೇಷನ್ ಇಲ್ಲ ಎಂದರು ಡಾಕ್ಟರು. ಬಹಳ ಜನಕ್ಕೆ ಕೆಲವು ತಿಂಗಳಲ್ಲಿ ಕಣ್ಣು ತಾನೇ ಸರಿಮಾಡಿಕೊಳ್ಳುತ್ತದೆ, ಕೆಲವರಿಗೆ ಸ್ವಲ್ಪ ಉಳಿಯುತ್ತದೆ. ಎರಡು ತಿಂಗಳ ಮೇಲೆ ಇನ್ನೊಂದು ಚಿತ್ರ ತೆಗೆದರೆ ಯಾವ ದಾರಿ ಹಿಡಿದಿದೆ ಎಂದು ತಿಳಿಯುತ್ತದೆ. ತೂತು ಕೂಡುತ್ತಿದ್ದರೆ ಒಳ್ಳೆಯದು. ಇದ್ದಂತೆಯೇ ಇದ್ದರೆ ಅದು ಅಲ್ಲೇ ನಿಲ್ಲಬಹುದು. ಆಗ ಹೋಲಿಸಲು ಬೇಕಾಗುತ್ತದೆ ಎಂದು ಈ ಚಿತ್ರವನ್ನು ಒಂದು ಹಾಳೆಯ ಮೇಲೆ ತೆಗೆದು ಕೊಟ್ಟರು.

ಆ ಎರಡನೆಯ ಚಿತ್ರ ತೆಗೆಸಬಾರದೆಂದು ನಾನು ಬಸ್‌ಸ್ಟ್ಯಾಂಡಿಗೆ ಬರುವುದರೊಳಗೇ ನಿರ್ಧರಿಸಿದೆ. ತೆಗೆಸದಿದ್ದರೆ ಕೂಡುತ್ತಿದೆ ಎಂದುಕೊಂಡು ಇರಬಹುದು. ಯಜಮಾನರ ಸಲುವಾಗಿ ಒಂದಾದ ಮೇಲೆ ಒಂದು ಫಿಲ್ಮು ತೆಗೆಸಿ, ಪ್ರತಿಸಲವೂ ಹಿಂದಿನದಕ್ಕಿಂತ ಕೆಟ್ಟ ಸುದ್ದಿ ಕೇಳಿದ್ದೆ. ಚಿತ್ರದ ಯಂತ್ರಗಳ ಮೇಲೆ ನನಗೆ ನಂಬಿಕೆ ಉಳಿದಿರಲಿಲ್ಲ.

ದೇವದುರ್ಗದ ದಾರಿ

ಯಾತ್ರೆಗೆ ಹೋಗುವುದಿಲ್ಲ ಎಂದಿದ್ದೆ. "ಅವನ ಸೀಟಿನ್ಯಾಗ ನಾ ಕೂಡ್ತೀನಿ, ನಿನ್ನ ಸೀಟಿನ್ಯಾಗ ನೀ ಕೂಡು. ಖಾಲಿ ಬಿಟ್ರ ಯಾರರ ಚೀಲ ಇಡ್ತಾರ" ಎಂದಳು ಈರಮ್ಮಕ್ಕ. ಶಿವರಾತ್ರಿ ಮುಗಿದ ಮೇಲೆ ಹೊರಟೆವು.

ಮಾನ್ವಿಯಲ್ಲಿ ಹೊರಟ ಬಸ್ಸು ಜನರನ್ನು ಹತ್ತಿಸಿಕೊಳ್ಳಲು ದೇವದುರ್ಗಕ್ಕೆ ಸುತ್ತುಹಾಕಿ ಗಬ್ಬೂರಿನ ಮೇಲೆ ರಾಯಚೂರಿಗೆ ಹೋಯಿತು. ಅದು ಯಜಮಾನರ ದಾರಿ. ಮದುವೆಯಾದ ಹೊಸದರಲ್ಲಿ ಡ್ರೈವರ್ ಸೀಟಿನ ಹಿಂದೆ ಕೂತು ಎಷ್ಟೋ ಸಲ ಹೋಗಿದ್ದೇನೆ. ಕಣ್ಣು ಮುಚ್ಚಿ ಕೂತರೂ ಎಲ್ಲಿ ಕಾಲುವೆಯ ಸೇತುವೆ, ಎಲ್ಲಿ ತಿರುವು, ಎಲ್ಲಿ ಕುರಿ ಅಡ್ಡ ಬರುತ್ತವೆ ಎಂದು ಮೈಗೇ ಗೊತ್ತಾಗುತ್ತಿತ್ತು. ಈ ಡ್ರೈವರು ತಿರುವಿನಲ್ಲಿ ಹಾರ್ನ್ ಹೊಡೆಯಲಿಲ್ಲ. ಅವರು ತಪ್ಪದೆ ಹೊಡೆಯುತ್ತಿದ್ದರು.

ರಾಯಚೂರು ದಾಟಿ ಕೃಷ್ಣಾ ಸೇತುವೆಯ ಮೇಲೆ ಬಂದಾಗ ಮೈ ಸುಮ್ಮನಾಯಿತು. ಅಲ್ಲಿಂದ ಮುಂದೆ ಅದಕ್ಕೂ ದಾರಿ ಗೊತ್ತಿರಲಿಲ್ಲ. ಅವರು ಕಾಣದ ರಸ್ತೆಗೆ ನಾನು ಬಂದಿದ್ದೆ. ಒಂದು ಘಳಿಗೆ ಇಳಿದುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಕಿಟಕಿಯ ಪಕ್ಕ ಕೂತಿದ್ದ ಈರಮ್ಮಕ್ಕ ಬಾಯಿ ತೆರೆದು ಗೊರಕೆ ಹೊಡೆಯತೊಡಗಿದಳು. ಅವರ ಪಾಲಿನ ಕೆಲಸವನ್ನು ಅವಳೇ ಮಾಡುತ್ತಿದ್ದಳು. ನಗು ಬಂತು.

ಗಡಿ

ಕಾಶಿ, ಗೋರಖಪುರ ಮುಗಿಸಿ ಗಡಿಗೆ ಬಂದೆವು. ಪರದೇಶ ಎಂದರೆ ಸಮುದ್ರ ದಾಟಬೇಕು, ವಿಮಾನ ಹತ್ತಬೇಕು ಎಂದು ತಿಳಿದಿದ್ದೆ. ಇಲ್ಲಿ ಒಂದು ಕಮಾನು ಇತ್ತು. ಎತ್ತಿನ ಗಾಡಿ, ಸೈಕಲ್ಲು, ಮದುವೆಯ ದಿಬ್ಬಣ ಎಲ್ಲ ಅದರೊಳಗೆ ಹೋಗಿ ಬಂದು ಮಾಡುತ್ತಿದ್ದವು. ನಾವೂ ನಡೆದೇ ದಾಟಿದೆವು. ದಾಟಿದ ಮೇಲೂ ಈರಮ್ಮಕ್ಕ ಕೇಳುತ್ತಲೇ ಇದ್ದಳು, "ಪರದೇಶ ಯಾವಾಗ ಬರ್ತದ?"

ಬಂದಿದೆ ಎಂದು ತಿಳಿದದ್ದು ಗಡಿಯಾರದಿಂದ. ಅಲ್ಲಿಯ ಹೊತ್ತು ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಇಷ್ಟು ಸಣ್ಣದಕ್ಕೆ ಬೇರೆ ಗಡಿಯಾರ ಯಾಕೆ ಬೇಕು ಎಂದು ನಮ್ಮ ಬಸ್ಸಿನವರು ನಕ್ಕರು. ನನಗೆ ಇಷ್ಟವಾಯಿತು. ಕಾಲು ಗಂಟೆಯಾದರೂ ನಮ್ಮದು ನಮ್ಮದೇ ಎಂದು ಒಂದು ದೇಶ ಇಟ್ಟುಕೊಂಡಿದೆ.

ಬಸ್ಸಿನ ಪರವಾನಗಿಗೆ ಕಾಯುತ್ತಿದ್ದಾಗ ರಸ್ತೆಯಲ್ಲಿ ಒಂದು ಸಾಲು ಮುದುಕರು ಬಂದರು. ಎಲ್ಲರ ಒಂದು ಕಣ್ಣಿಗೂ ಪಟ್ಟಿ. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ನಡೆಯುತ್ತಿದ್ದರು.

"ಈ ವಯಸ್ಸಿನ್ಯಾಗ ರೈಲಾಟ ಆಡಾಕತ್ತಾರ ನೋಡು" ಎಂದಳು ಈರಮ್ಮಕ್ಕ.

ಚಹಾದ ಅಂಗಡಿಯವನನ್ನು ನನ್ನ ರಾಯಚೂರಿನ ಹಿಂದಿಯಲ್ಲಿ ಕೇಳಿದೆ. ಇಲ್ಲಿ ಕಣ್ಣಿನ ದೊಡ್ಡ ಆಸ್ಪತ್ರೆ ಇದೆ, ಇವರೆಲ್ಲ ನಿಮ್ಮ ದೇಶದವರೇ, ಅಲ್ಲಿಂದ ಇಲ್ಲಿಗೆ ಕಣ್ಣು ತೋರಿಸಲು ಬರುತ್ತಾರೆ ಎಂದ. ನಾನು ಕೇಳಿ ಬಿಟ್ಟುಬಿಟ್ಟೆ. ಈರಮ್ಮಕ್ಕ ಬಿಡಲಿಲ್ಲ. ಅವಳಿಗೆ ಹಿಂದಿ ಬರುವುದಿಲ್ಲ, ಆದರೆ ಅವನು ಕೈ ಮಾಡಿದ ದಿಕ್ಕನ್ನು ನೋಡಿಕೊಂಡಳು.

ಕಠ್ಮಂಡು

ಬೆಟ್ಟ ಹತ್ತುವಾಗ ಅರ್ಧ ಬಸ್ಸು ವಾಂತಿ ಮಾಡಿತು. ಅಡಿಗೆಯವರ ಗ್ಯಾಸು ಚಳಿಗೆ ಸರಿಯಾಗಿ ಉರಿಯದೆ ಒಂದು ಹೊತ್ತು ಎಲ್ಲರೂ ನೇಪಾಳದ ಹೋಟೆಲಿನಲ್ಲೇ ಉಂಡೆವು. ಅಲ್ಲಿಯವರು ಬೆಳಿಗ್ಗೆಯೇ ಅನ್ನ, ಬೇಳೆ, ಸೊಪ್ಪಿನ ಪಲ್ಯ ಉಂಡು ಕೆಲಸಕ್ಕೆ ಹೋಗುತ್ತಾರೆ. ಅನ್ನ ಬೇಡವೆನ್ನುವ ತನಕ ಬಡಿಸುತ್ತಲೇ ಇರುತ್ತಾರೆ. ನಾವು ಕಾಲುವೆ ನೀರಿನ ಭತ್ತದ ಊರಿನವರು, ಅಕ್ಕಿಯ ವಿಷಯದಲ್ಲಿ ಯಾರನ್ನೂ ಸುಲಭಕ್ಕೆ ಒಪ್ಪುವುದಿಲ್ಲ. "ಅಕ್ಕಿ ದಪ್ಪ. ಮನಸು ಅದಕ್ಕಿಂತ ದಪ್ಪ" ಎಂದು ಈರಮ್ಮಕ್ಕ ಒಪ್ಪಿಗೆ ಕೊಟ್ಟಳು.

ನಾವು ಇಳಿದುಕೊಂಡ ಲಾಜಿನ ಮಾಲೀಕ ತಲೆಯಿಂದ ಕಾಲಿನ ತನಕ ಬೆಳ್ಳಗಿದ್ದ. ಬಿಳಿ ಟೋಪಿ, ಬಿಳಿ ಅಂಗಿ, ಬಿಳಿ ಪೈಜಾಮ, ಬಟ್ಟೆಯ ಬಿಳಿ ಬೂಟು.

"ಇವ ಯಾವ ಪಾರ್ಟಿ ಲೀಡರ್ ಬೇ? ಬೂಟ್ ಸೈತ ಬೆಳ್ಳಗ ಅದಾವ. ಮತ ಕೇಳಿದ್ರ ನಾವು ಈ ಊರವರಲ್ಲ ಅಂತ ಹೇಳಿಬಿಡು."

ಅವನು ಲೀಡರ್ ಆಗಿರಲಿಲ್ಲ. ಅವನ ತಾಯಿ ತೀರಿಕೊಂಡಿದ್ದಳು. ಅಲ್ಲಿ ತಂದೆತಾಯಿ ಹೋದರೆ ಮಕ್ಕಳು ಒಂದು ವರ್ಷ ಬಿಳಿಯನ್ನೇ ಉಡುತ್ತಾರೆ. ಅಂಗಡಿಗೆ, ಬ್ಯಾಂಕಿಗೆ, ಎಲ್ಲಿಗೆ ಹೋದರೂ ಅದೇ ಬಿಳಿ. ರಸ್ತೆಯಲ್ಲಿ ಕಂಡವರಿಗೆಲ್ಲ ಇವನು ದುಃಖದಲ್ಲಿದ್ದಾನೆ ಎಂದು ತಿಳಿಯುತ್ತದೆ. ಚೌಕಾಸಿಯಲ್ಲಿ ಯಾರೂ ಅವನ ಮೇಲೆ ದನಿ ಏರಿಸುವುದಿಲ್ಲ, ಹಬ್ಬಕ್ಕೆ ಕರೆದು ಕಾಡುವುದಿಲ್ಲ.

ನಮ್ಮಲ್ಲಿ ಗುರುತು ಇರುವುದು ಗಂಡ ಸತ್ತ ಹೆಂಗಸಿಗೆ ಮಾತ್ರ, ಅದೂ ಬಳೆ ಒಡೆದು, ಕುಂಕುಮ ಅಳಿಸಿ, ಇದ್ದದ್ದನ್ನು ಕಿತ್ತುಕೊಂಡು ಮಾಡುವ ಗುರುತು. ಗಂಡಸಿಗೆ ಏನೂ ಇಲ್ಲ. ದಿನದ ಕರ್ಮ ಮುಗಿದ ಮರುದಿನದಿಂದ ಅವನು ನಗಬೇಕು. ಈ ಮನುಷ್ಯ ಬಿಳಿ ಬೂಟು ಹಾಕಿಕೊಂಡು ಕೀಲಿಕೈ ಕೊಡುತ್ತಿದ್ದ, ಬಿಸಿನೀರು ಬಂತೇ ಎಂದು ಕೇಳುತ್ತಿದ್ದ, ದುಃಖವನ್ನೂ ಮೈಮೇಲೆ ಇಟ್ಟುಕೊಂಡಿದ್ದ. ನನ್ನ ಖಾಲಿ ಹಣೆ ನೋಡಿ ಯಾವಾಗ ಎಂದು ಹಿಂದಿಯಲ್ಲಿ ಕೇಳಿದ. ದೀಪಾವಳಿಗೆ ಮೊದಲು ಎಂದೆ. "ಇನ್ನೂ ವರ್ಷವಾಗಿಲ್ಲ" ಎಂದ. ಅಷ್ಟೇ. ನಮ್ಮೂರಿನಲ್ಲಿ ಎಲ್ಲರೂ "ಇಷ್ಟ ದಿನ ಆತಲ್ಲ" ಎನ್ನುತ್ತಿದ್ದರು. ಇವನು ಇನ್ನೂ ಹೊತ್ತಿದೆ ಎಂದ.

ಮರುದಿನ ನಮ್ಮವರೆಲ್ಲ ಪೇಟೆಗೆ ಹೋದರು. ನಾನು ಕೋಣೆಯಲ್ಲೇ ಉಳಿದೆ. ಮಾಲೀಕನ ಹೆಂಡತಿ ಬಂದು ಕೈ ಹಿಡಿದು ಮಾಳಿಗೆಗೆ ಕರೆದುಕೊಂಡು ಹೋದಳು. ಅಲ್ಲಿ ಚಾಪೆ ಹಾಸಿತ್ತು. ಸುತ್ತಲಿನ ಮಾಳಿಗೆಗಳ ಮೇಲೂ ಜನ ಬಿಸಿಲಿಗೆ ಕೂತಿದ್ದರು. ಕೆಲವರು ಕಿತ್ತಳೆ ಸುಲಿಯುತ್ತಿದ್ದರು, ಕೆಲವರು ಉಲನ್ ಹೆಣೆಯುತ್ತಿದ್ದರು, ಕೆಲವರು ಸುಮ್ಮನೆ. ನಮ್ಮ ರಾಯಚೂರಿನಲ್ಲಿ ತಾನಾಗಿ ಬಿಸಿಲಿಗೆ ಹೋಗಿ ಕೂತವನಿಗೆ ನೀರು ಚಿಮುಕಿಸಿ ಒಳಗೆ ಕರೆತರುತ್ತಾರೆ.

ನಾನು ಬಾಗಿಲಿನ ನೆರಳಲ್ಲೇ ನಿಂತೆ. ಗ್ರಹಣದ ದಿನದಿಂದ ಸೂರ್ಯನೆಂದರೆ ನನಗೆ ಹೆದರಿಕೆ. ಹೊರಗೆ ಹೋದರೆ ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡು ನೆಲ ನೋಡುತ್ತ ನಡೆಯುತ್ತಿದ್ದೆ. ಆಕೆಗೆ ಕಣ್ಣು ತೋರಿಸಿ, ಮೇಲೆ ತೋರಿಸಿ, ಕೈ ಅಲ್ಲಾಡಿಸಿದೆ. ಅರ್ಥವಾಯಿತೋ ಇಲ್ಲವೋ. ನಕ್ಕು ನನ್ನ ಎರಡೂ ಭುಜ ಹಿಡಿದು ಗೊಂಬೆಯನ್ನು ತಿರುಗಿಸಿದಂತೆ ತಿರುಗಿಸಿ ಚಾಪೆಯ ಮೇಲೆ ಕೂರಿಸಿದಳು. ಆಗ ನೋಡಿದೆ. ಆ ಮಾಳಿಗೆಗಳ ಮೇಲೆ ಕೂತವರೆಲ್ಲ ಸೂರ್ಯನಿಗೆ ಬೆನ್ನು ಮಾಡಿಯೇ ಕೂತಿದ್ದರು.

ಬೆನ್ನಿಗೆ ಬಿಸಿಲು ಬಿತ್ತು. ಯಜಮಾನರು ಹೋದ ದಿನ ಆಸ್ಪತ್ರೆಯ ಬೆಂಚಿನಿಂದ ಎದ್ದಾಗಿನಿಂದ ಹಿಡಿದುಕೊಂಡಿದ್ದ ಬೆನ್ನು ನಿಧಾನವಾಗಿ ಸಡಿಲಾಯಿತು. ಆಕೆ ಕಿತ್ತಳೆಯ ತೊಳೆ ಕೊಟ್ಟಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ಊಟದ ಹೊತ್ತಿನ ತನಕ ಕೂತಿದ್ದೆವು. ಹಿಮಾಲಯ ಕಂಡದ್ದು ಅಲ್ಲಿಂದಲೇ. ನಾನು ಅದರ ಪಕ್ಕಕ್ಕೆ ನೋಡುತ್ತ, ಕಣ್ಣಿನ ತೂತು ಇದ್ದರೂ ಇರಲಿ, ಹೋಗಿದ್ದರೂ ಹೋಗಿರಲಿ, ಆ ಎರಡನೆಯ ಚಿತ್ರ ತೆಗೆಸಿ ಒಮ್ಮೆ ತಿಳಿದುಬಿಡಲಿ ಎಂದುಕೊಂಡೆ.

ಮತ್ತೆ ಗಡಿ

ತಿರುಗಿ ಬರುವಾಗ ಗಡಿಯ ಊರಿನಲ್ಲಿ ಒಂದು ದಿನ ತಂಗಿದೆವು. ಬಸ್ಸಿನವರು ಬುದ್ಧ ಹುಟ್ಟಿದ ಜಾಗ ನೋಡಲು ಹೊರಟರು. ನಾವು ಹೋಗಲಿಲ್ಲ. ಸಂಜೆ ಆ ಕಣ್ಣಿನ ಆಸ್ಪತ್ರೆಯ ಗೇಟಿಗೇ ಬಂದು ನಮ್ಮನ್ನು ಹತ್ತಿಸಿಕೊಳ್ಳುವಂತೆ ಹೇಳಿ ಇಳಿದೆವು.

"ಮೊದಲಿನ ಚಿತ್ರ ಇಲ್ಲಲ್ಲ ಯಕ್ಕಾ. ಯಾವುದಕ್ಕ ಹೋಲಿಸ್ತಾರ?" ಎಂದೆ. ಕೊನೆಯ ನೆವ ಅದು.

ಈರಮ್ಮಕ್ಕ ರೊಟ್ಟಿಯ ಗಂಟು ಬಿಚ್ಚಿದಳು. ಒಣಗಿಸಿದ ಕಟಕ ರೊಟ್ಟಿಗಳ ಅಡಿಯಲ್ಲಿ, ಮುರಿಯದಿರಲೆಂದು ಹಲಗೆಯಂತೆ, ರಾಯಚೂರಿನ ಆ ಹಾಳೆ ಇತ್ತು. "ನೀ ತರಂಗಿಲ್ಲ ಅಂತ ನಂಗ ಗೊತ್ತಿತ್ತು. ಮಾನ್ವ್ಯಾಗ ನಿಮ್ಮನಿ ಗೂಡಿನ್ಯಾಗಿಂದ ತಗೊಂಡೀನಿ." ಮೂಲೆಗೆ ಶೇಂಗಾ ಚಟ್ನಿಯ ಎಣ್ಣೆ ಹತ್ತಿತ್ತು.

ಆಸ್ಪತ್ರೆಯ ಅಂಗಳ ನಮ್ಮ ಸಂತೆಯಂತಿತ್ತು. ಮರದ ಕೆಳಗೆ ಒಲೆ ಹೂಡಿ ಅಡಿಗೆ ಮಾಡಿಕೊಳ್ಳುವವರು, ಪಟ್ಟಿ ಬಿಚ್ಚಿಸಿಕೊಂಡು ಸೊಸೆಯ ಮುಖ ಮೊದಲ ಸಲ ನೋಡಿ ನಗುವವರು. ಈರಮ್ಮಕ್ಕ ತನ್ನ ಹೆಸರನ್ನೂ ಬರೆಸಿದಳು. ಯಾಕೆ ಎಂದೆ. "ಒಬ್ಬಾಕೀನ ಒಳಗ ಕಳಿಸಿದ್ರ ನೀ ಹಿಂದಿನ ಬಾಗಲಿಂದ ಓಡಿಹೋಗ್ತಿ. ನಂದೂ ತಗೀಲಿ."

ಯಂತ್ರದ ಹುಡುಗಿ ನನ್ನನ್ನು ಆಮಾ ಎಂದು ಕರೆದಳು. ಅಲ್ಲಿ ತಾಯಿಗೆ ಹಾಗೆ ಅನ್ನುತ್ತಾರೆ. ಗದ್ದ ಇಟ್ಟೆ, ಹಣೆ ಹಚ್ಚಿದೆ. ಅವಳು ಗೆರೆ ಓಡಿಸಿ ಪರದೆ ನೋಡಿ ಮುಖ ಗಂಟು ಮಾಡಿದಳು. ಇನ್ನೊಮ್ಮೆ ಓಡಿಸಿದಳು. ಚಿತ್ರದಲ್ಲಿ ತಗ್ಗೇ ಇರಲಿಲ್ಲ, ಪದರಗಳೆಲ್ಲ ಚಪ್ಪಟೆ.

"ಆಮಾ, ನೀವು ಎಲ್ಲಿ ನೋಡುತ್ತಿದ್ದೀರಿ?" ಎಂದಳು ಹಿಂದಿಯಲ್ಲಿ.

ಹಸಿ ಗಾಯವಾದ ಕಾಲನ್ನು ಊರದೆ ನಡೆಯುವವಳಂತೆ, ನಾನು ಅಲ್ಲಿಯೂ ಪಕ್ಕಕ್ಕೇ ನೋಡುತ್ತಿದ್ದೆ. ನೇರ ನೋಡಿದರೆ ಗುರುತು ಕಾಣುವುದಿಲ್ಲ, ಅದಕ್ಕೆ ಎಂದೆ.

"ಕಾಣದಿದ್ದರೂ ಪರವಾಗಿಲ್ಲ. ಅದು ಇರುವ ಕಡೆಗೇ ನೋಡಿ."

"ಏನಂತಾಳ?" ಹಿಂದಿನಿಂದ ಈರಮ್ಮಕ್ಕ.

"ನೆಟ್ಟಗ ನೋಡು ಅಂತಾಳ."

"ಮತ್ತ ನೋಡ ಬೇ. ಏನ್ ಅದು ಕಚ್ಚತದ?"

ನೋಡಿದೆ. ಅದು ಮಾಯವಾಗುತ್ತದೆ ಎಂದು ಕಾಯುತ್ತ ನೋಡಿದೆ. ಒಂದು ಹಸಿರು ಕೂಡಿಸುವ ಗುರುತು. ಮಸುಕಾಯಿತು, ಒಂದು ತೋಳು ತುಂಡಾದಂತೆ ಕಂಡಿತು. ಆದರೆ ಹೋಗಲಿಲ್ಲ. ಎಡಗಣ್ಣಿಗೆ ಅದು ಹೆಚ್ಚು ಕಡಿಮೆ ಇಡಿಯಾಗಿ ನಿಂತಿತ್ತು. ಎಷ್ಟು ದಿನದಿಂದ ಹೀಗಿತ್ತೋ. ನಾನು ನೋಡಿರಲೇ ಇಲ್ಲ.

ಡಾಕ್ಟರು ವಯಸ್ಸಾದವರು. ರಾಯಚೂರಿನ ಹಾಳೆಯನ್ನು ಕೈಗೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದು ಇದೇನು ವಾಸನೆ ಎಂದರು. ಶೇಂಗಾ ಚಟ್ನಿ ಎಂದೆ. ಗಂಭೀರವಾಗಿ ತಲೆಯಾಡಿಸಿ ಹಾಳೆಯನ್ನು ಪರದೆಯ ಪಕ್ಕ ಹಿಡಿದರು. ಎಡಗಣ್ಣಿನಲ್ಲಿ ಕಡಿದ ಗೆರೆ ಕೂಡಿತ್ತು, ಕೂಡಿದ ಕಡೆ ಸ್ವಲ್ಪ ತೆಳ್ಳಗೆ. ಬಲಗಣ್ಣಿನ ತೂತು ಇನ್ನೂ ಇತ್ತು. ಆದರೆ ಎರಡೂ ಕಡೆಯಿಂದ ಅಂಚು ಒಳಗೆ ಬಂದಿತ್ತು. ಏಡಿ ಬಿಟ್ಟುಹೋದ ತೂತನ್ನು ಮಣ್ಣು ತಾನೇ ಮುಚ್ಚಿಕೊಳ್ಳುವ ಹಾಗೆ.

"ಸರಿಯಾದ ದಾರಿಯಲ್ಲಿದೆ. ಇನ್ನೂ ಕೂಡುತ್ತದೆ. ಬಲಗಣ್ಣಿನಲ್ಲಿ ಒಂದು ಕೂದಲೆಳೆಯಷ್ಟು ಉಳಿದರೂ ಉಳಿಯಬಹುದು, ಅದಕ್ಕೆ ಹೆದರಬೇಡಿ" ಎಂದರು. "ಇನ್ನು ಮೇಲೆ ಪಕ್ಕಕ್ಕೆ ನೋಡುವ ಅಭ್ಯಾಸ ಬಿಡಿ. ಕಣ್ಣು ತನ್ನ ಕೆಲಸ ಮಾಡುತ್ತಿದೆ, ನೀವು ಅದಕ್ಕೆ ಕೆಲಸ ಕೊಡುತ್ತಿಲ್ಲ."

ಆಮೇಲೆ ಈರಮ್ಮಕ್ಕನ ಚಿತ್ರ ಬಂತು. ಪೊರೆ ಬರುತ್ತಿದೆ, ಅವಸರವಿಲ್ಲ ಎಂದರು. ಹಿಂದಿನ ಪರದೆ ಮಾತ್ರ ಹೊಸ ಬದುವಿನಂತೆ ಗಟ್ಟಿಯಾಗಿ, ತಗ್ಗು ಅಚ್ಚುಕಟ್ಟಾಗಿ, ಕೆಳಗಿನ ಗೆರೆ ಒಂದೇ ಎಳೆಯಾಗಿ ಹೋಗಿತ್ತು. ಕಣ್ಣಿಗೆ ಏನೂ ಆಗದವರ ಚಿತ್ರ ಹೇಗಿರುತ್ತದೆ ಎಂದು ನಾನು ಮೊದಲ ಸಲ ಕಂಡೆ. ನನ್ನದು ಅದರಿಂದ ಬಹಳ ದೂರವೇನೂ ಇರಲಿಲ್ಲ.

"ನೀ ಗ್ರಹಣ ನೋಡಲಿಲ್ಲೇನ ಯಕ್ಕಾ?"

"ಕುರಿ ಕಾಯೋಕಿ ಮ್ಯಾಲ ನೋಡಕೋತ ಕುಂತ್ರ ತ್ವಾಳ ಕೆಳಗ ಬರ್ತದ."

ಹೊರಗೆ ಬಂದು ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂತೆವು. ಬಿಸಿಲು ಇಳಿಯುತ್ತಿತ್ತು. ಅವಳು ಉಳಿದ ರೊಟ್ಟಿ ಮುರಿದು ನನಗೊಂದು ತುಂಡು ಕೊಡಲು ತಿರುಗಿದಳು. ಎಂದಿನಂತೆ ನನ್ನ ಕಣ್ಣು ಅವಳ ಭುಜಕ್ಕೆ ಹೋಯಿತು. ಡಾಕ್ಟರ ಮಾತು ನೆನಪಾಗಿ, ಅಲ್ಲಿಂದ ಎತ್ತಿ ಅವಳ ಮುಖದ ನಡುವೆ ಇಟ್ಟೆ.

ಮೊದಲು ಮಬ್ಬು ಬಂತು. ಕಾದೆ. ಮಬ್ಬಿನೊಳಗಿಂದ ಹುಬ್ಬು ಬಂತು, ಒಂದು ಕಣ್ಣು ಬಂತು. ಆಮೇಲೆ ಮೂಗು. ತುದಿಯಲ್ಲಿ ಸ್ವಲ್ಪ ಎಡಕ್ಕೆ ವಾಲಿದ, ಮೂಗುತಿಯ ಹಳೆಯ ತೂತಿನ ಪಕ್ಕ ಸಣ್ಣ ತಗ್ಗಿರುವ ಆ ಮೂಗು. ಅವಳನ್ನು ಇಷ್ಟು ವರ್ಷ ನೋಡಿದ್ದೆ, ಆಗೆಲ್ಲ ಅವರೂ ಮನೆಯಲ್ಲಿ ಇದ್ದರು, ಹೋಲಿಸುವ ಕಾರಣವೇ ಇರಲಿಲ್ಲ.

"ಏನ್ ಹಂಗ ನೋಡಾಕತ್ತಿ ಬೇ? ಮಕಕ್ಕ ಚಟ್ನಿ ಹತ್ತ್ಯಾದೇನು?"

"ಇಲ್ಲ ಯಕ್ಕಾ. ಮೂಗು ನೋಡಾಕತ್ತೀನಿ. ಅವರದ ಮೂಗು."

ಅವಳ ಕೈ ರೊಟ್ಟಿಯ ಮೇಲೆ ನಿಂತಿತು.

"ಅವಂದೆಲ್ಲಿಂದ ಬಂತು?" ಎಂದಳು. "ನಾ ಮೊದಲು ಹುಟ್ಟಿದಾಕಿ. ಇದು ನಂದು. ಅವ ನನ್ನ ನೋಡಿ ಇಟಗೊಂಡಿದ್ದ."

ಸೆರಗಿನಿಂದ ಮುಖ ಒರೆಸಿಕೊಂಡಳು. ತಲೆಯ ಮೇಲಿನ ಸೆರಗನ್ನು ಹಿಂದೆ ಸರಿಸಿ, ಬೆಳಕು ಬೀಳುವಂತೆ ನನ್ನ ಕಡೆಗೆ ಪೂರ್ತಿ ತಿರುಗಿ ಕೂತಳು.

"ನೋಡ್ಕೊ ಮತ್ತ. ಬಸ್ ಇನ್ನಾ ಬಂದಿಲ್ಲ."